ನಾಲ್ಕನೆಯ ಕಲಮು, ಒಂಬತ್ತನೆಯ ಕಲಮು

(ಸಾಂಖ್ಯಿಕ ವಿಭಾಗದ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪು)

ಪ್ರಾಧ್ಯಾಪಕಿ, ಸಂಜೆ 7:42
ನಮ್ಮ ವಿಶ್ವವಿದ್ಯಾಲಯದ ಮೊಬೈಲ್ ನೀತಿಯ ಕರಡನ್ನು ಮೇಲೆ ಹಾಕಿದ್ದೇನೆ. ನಾನೂ ಸಮಿತಿಯಲ್ಲಿದ್ದೇನೆ. ಸೋಮವಾರದೊಳಗೆ ಅಭಿಪ್ರಾಯ ತಿಳಿಸಬೇಕಾಗಿರುವುದರಿಂದ ಹೊರಗಿನವರ ಕಣ್ಣಿಗೆ ಇದು ಹೇಗೆ ಕಾಣುತ್ತದೆಂದು ಕೇಳುತ್ತಿದ್ದೇನೆ. ಮುಖ್ಯವಾದದ್ದು ನಾಲ್ಕನೆಯ ಕಲಮು: “ತರಗತಿಯನ್ನು ಪ್ರವೇಶಿಸುವ ಮುನ್ನ ಎಲ್ಲ ವಿದ್ಯಾರ್ಥಿಗಳೂ ತಮ್ಮ ಮೊಬೈಲ್ ಫೋನುಗಳನ್ನು ಸ್ವಿಚ್ ಆಫ್ ಮಾಡಿ, ಬಾಗಿಲ ಬಳಿಯ ಪೆಟ್ಟಿಗೆಯಲ್ಲಿ ಇರಿಸತಕ್ಕದ್ದು.” ಹತ್ತು ವರ್ಷಗಳಿಂದ ನಾನು ಒತ್ತಾಯಿಸುತ್ತಾ ಬಂದದ್ದು ಇದನ್ನೇ.

ದೂರಸಂಪರ್ಕ ಎಂಜಿನಿಯರ್, 7:55
ಮೇಡಂ, ನಾಲ್ಕನೆಯದನ್ನು ಓದಿದ ಮೇಲೆ ದಯವಿಟ್ಟು ಒಂಬತ್ತನೆಯದನ್ನೂ ಓದಿ. “ಬೆಂಕಿ, ಅನಿಲ ಸೋರಿಕೆ ಮುಂತಾದ ತುರ್ತು ಸಂದರ್ಭಗಳಲ್ಲಿ ವಿದ್ಯಾರ್ಥಿಗಳಿಗೆ ಎಸ್‌ಎಂಎಸ್ ಮೂಲಕ ಎಚ್ಚರಿಕೆ ನೀಡಲಾಗುವುದು” ಎಂದಿದೆ. ಸ್ವಿಚ್ ಆಫ್ ಆಗಿ ಪೆಟ್ಟಿಗೆಯಲ್ಲಿ ಮಲಗಿರುವ ಫೋನಿಗೆ ಆ ಎಚ್ಚರಿಕೆ ತಲುಪುವುದು ಹೇಗೆ? ಈ ಎರಡು ಕಲಮುಗಳನ್ನು ಬರೆದವರು ಒಂದೇ ಕೋಣೆಯಲ್ಲಿ ಕುಳಿತಿದ್ದರೆಂದು ನಂಬುವುದು ಕಷ್ಟ.

ಪ್ರಾಧ್ಯಾಪಕಿ, 8:03
ಅದು ನನ್ನ ಗಮನಕ್ಕೆ ಬಂದಿರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಆದರೆ ವರ್ಷಕ್ಕೊಮ್ಮೆಯೂ ಬಾರದ ಅಪಾಯಕ್ಕಾಗಿ ದಿನಕ್ಕೆ ಐದು ಗಂಟೆಯ ಪಾಠವನ್ನು ಬಲಿ ಕೊಡಬೇಕೇ? ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯ ಅರ್ಥಶಾಸ್ತ್ರದ ತರಗತಿಗಳಲ್ಲಿ ನಡೆದ ಪ್ರಯೋಗವೊಂದು 2017ರಲ್ಲಿ ಪ್ರಕಟವಾಯಿತು. ಲ್ಯಾಪ್‌ಟಾಪ್, ಟ್ಯಾಬ್ಲೆಟ್‌ಗಳಿಗೆ ಅವಕಾಶವಿದ್ದ ತರಗತಿಗಳಲ್ಲಿ ಪರೀಕ್ಷೆಯ ಅಂಕಗಳು ಮಾನಕ ವಿಚಲನೆಯ (ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬುದರ ಅಳತೆ) 0.18ರಷ್ಟು ಕುಸಿದವು. ಟ್ಯಾಬ್ಲೆಟ್ಟನ್ನು ಮೇಜಿನ ಮೇಲೆ ಮಟ್ಟಸವಾಗಿ, ಅಧ್ಯಾಪಕರ ಕಣ್ಣಿಗೆ ಬೀಳುವಂತೆ ಇಟ್ಟುಕೊಳ್ಳಬೇಕೆಂಬ ಕಟ್ಟುಪಾಡಿದ್ದ ತರಗತಿಗಳಲ್ಲೂ ಫಲಿತಾಂಶ ಹೆಚ್ಚುಕಡಿಮೆ ಅದೇ ಆಗಿತ್ತು. ಕಾವಲಿಟ್ಟರೂ ಪ್ರಯೋಜನವಾಗದಿದ್ದರೆ ತೆಗೆದಿಡುವುದೊಂದೇ ದಾರಿ.

ಸಂಶೋಧನಾ ವಿದ್ಯಾರ್ಥಿ, 8:11
ಮೇಡಂ, ಅದಕ್ಕೆ ಒಂದನ್ನು ಸೇರಿಸಲೇ? ಕೆನಡಾದಲ್ಲಿ ನಡೆದ 2013ರ ಪ್ರಯೋಗವೊಂದರಲ್ಲಿ, ಪಾಠದ ನಡುವೆ ಲ್ಯಾಪ್‌ಟಾಪಿನಲ್ಲಿ ಬೇರೆ ಕೆಲಸ ಮಾಡುತ್ತಿದ್ದವರ ಅಂಕ ಶೇ. 11ರಷ್ಟು ಕಡಿಮೆಯಾಯಿತು. ತಾವು ಏನನ್ನೂ ತೆರೆಯದೆ, ಅಂಥವರ ಪರದೆ ಕಾಣುವ ಕಡೆ ಕುಳಿತವರ ಅಂಕವಂತೂ ಪರದೆ ಕಾಣದವರಿಗಿಂತ ಶೇ. 17ರಷ್ಟು ಕಡಿಮೆಯಿತ್ತು. “ಕಲಿಯುವುದೂ ಬಿಡುವುದೂ ಅವರವರ ಇಷ್ಟ” ಎಂಬ ವಾದ ನಿಲ್ಲದಿರುವುದು ಇಲ್ಲಿಯೇ, ಏಕೆಂದರೆ ನಷ್ಟ ಪಕ್ಕದವರಿಗೂ ತಟ್ಟುತ್ತದೆ. ಹಾಗಿದ್ದರೂ ಇವೆರಡೂ ಪರದೆ ತೆರೆದಿಟ್ಟ ಯಂತ್ರಗಳ ಕುರಿತ ಅಧ್ಯಯನಗಳು. ಚೀಲದೊಳಗಿನ ಫೋನಿನ ಬಗ್ಗೆ ಅವು ಏನನ್ನೂ ಹೇಳುವುದಿಲ್ಲ.

ಪ್ರಾಧ್ಯಾಪಕಿ, 8:16
ಚೀಲದೊಳಗಿನ ಫೋನಿನ ಬಗ್ಗೆಯೂ ಅಧ್ಯಯನವಿದೆ. ಅದೇ 2017ರಲ್ಲಿ ಟೆಕ್ಸಾಸ್‌ನ ಸಂಶೋಧಕರು ಸುಮಾರು 800 ಜನರನ್ನು ಪರೀಕ್ಷಿಸಿದರು. ಫೋನನ್ನು ಬೇರೆ ಕೋಣೆಯಲ್ಲಿ ಬಿಟ್ಟು ಬಂದವರು ಮೇಜಿನ ಮೇಲೆ ಇಟ್ಟುಕೊಂಡವರಿಗಿಂತ ಚೆನ್ನಾಗಿ ಮಾಡಿದರು, ಚೀಲದಲ್ಲಿ ಇಟ್ಟುಕೊಂಡವರು ಇವರಿಬ್ಬರ ನಡುವೆ ಉಳಿದರು.

ಸಂಶೋಧನಾ ವಿದ್ಯಾರ್ಥಿ, 8:19
ಅದನ್ನು ಮರುಪರೀಕ್ಷಿಸಿದ ಕೆಲವರಿಗೆ ಅಂಥ ಪರಿಣಾಮ ಕಾಣಲಿಲ್ಲ, ಮೇಡಂ. ಒಂದೇ ಪ್ರಯೋಗವನ್ನು ನೆಚ್ಚಬಾರದೆಂದು ನಮಗೆ ಕಲಿಸಿದವರು ನೀವೇ.

ಭದ್ರತಾ ಅಧಿಕಾರಿ, 8:31
ವರ್ಜಿನಿಯಾ ಟೆಕ್ ವಿಶ್ವವಿದ್ಯಾಲಯದ ಪ್ರಕರಣವನ್ನು ಯಾರಾದರೂ ಎತ್ತುವ ಮುನ್ನ ನಾನೇ ಎತ್ತುತ್ತೇನೆ, ಏಕೆಂದರೆ ಮೊಬೈಲ್ ಪರ ವಾದಕ್ಕೆ ಅದನ್ನು ತಪ್ಪಾಗಿ ಬಳಸುವುದನ್ನು ಬಹಳ ಸಲ ಕಂಡಿದ್ದೇನೆ. 2007ರ ಏಪ್ರಿಲ್ 16ರಂದು ಬೆಳಿಗ್ಗೆ ಸುಮಾರು 7:15ಕ್ಕೆ ವಸತಿನಿಲಯದಲ್ಲಿ ಇಬ್ಬರು ಗುಂಡಿಗೆ ಬಲಿಯಾದರು. ಆಡಳಿತದಿಂದ ಎಲ್ಲರಿಗೂ ಮೊದಲ ಇಮೇಲ್ ಹೋದದ್ದು 9:26ಕ್ಕೆ. ಅದರ ಬೆನ್ನಿಗೇ, 9:40ರ ಸುಮಾರಿಗೆ, ತರಗತಿಗಳಿದ್ದ ಕಟ್ಟಡದಲ್ಲಿ ದಾಳಿ ಆರಂಭವಾಗಿ ಇನ್ನೂ 30 ಜನ ಸತ್ತರು. ಅಲ್ಲಿ ಎರಡು ಗಂಟೆ ಕಳೆದುಹೋದದ್ದು ಮೇಲಿನವರು ತೀರ್ಮಾನ ಕೈಗೊಳ್ಳುವುದರಲ್ಲಿಯೇ ಹೊರತು ವಿದ್ಯಾರ್ಥಿಗಳ ಫೋನುಗಳು ಮುಚ್ಚಿದ್ದವೆಂದಲ್ಲ. 2008ರಲ್ಲಿ ಅಮೆರಿಕ ಕ್ಯಾಂಪಸ್ ಸುರಕ್ಷತೆಯ ತನ್ನ ಕಾನೂನಿಗೆ ತಿದ್ದುಪಡಿ ತಂದು, ಗಂಭೀರ ಅಪಾಯ ಖಚಿತವಾದ ಕೂಡಲೇ ಎಚ್ಚರಿಕೆ ನೀಡಬೇಕು, ವ್ಯವಸ್ಥೆಯನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕು ಎಂದು ಕಡ್ಡಾಯಗೊಳಿಸಿತು. ನಿಮ್ಮ ಕರಡಿನಲ್ಲಿ ಆ ಎರಡರ ಸೊಲ್ಲೂ ಇಲ್ಲ. ಎಚ್ಚರಿಕೆ ಕಳುಹಿಸುವ ಗುಂಡಿಯನ್ನು ಒತ್ತುವವರು ಯಾರು, ಅವರು ರಜೆಯಲ್ಲಿದ್ದರೆ ಯಾರು ಎಂಬುದನ್ನೂ ಅದು ಹೇಳುವುದಿಲ್ಲ.

ದೂರಸಂಪರ್ಕ ಎಂಜಿನಿಯರ್, 8:44
ಸರ್ ಹೇಳಿದ್ದು ಸರಿ. ಗುಂಡಿ ಒತ್ತಿದ ಮೇಲಿನ ಕಥೆಯನ್ನೂ ಕೇಳಿ. ಎಸ್‌ಎಂಎಸ್ ಒಂದೊಂದು ಸಂಖ್ಯೆಗೂ ಪ್ರತ್ಯೇಕವಾಗಿ ಹೋಗುವ ಸಂದೇಶ. ಹತ್ತು ಸಾವಿರ ಜನರಿಗೆ ಕಳುಹಿಸಿದರೆ ಅದು ಸರದಿಯಲ್ಲಿ ನಿಂತೇ ಹೋಗಬೇಕು, ಅದೇ ಹೊತ್ತಿನಲ್ಲಿ ಎಲ್ಲರೂ ಮನೆಗೆ ಕರೆ ಮಾಡತೊಡಗಿದರೆ ಜಾಲ ಇನ್ನಷ್ಟು ಬಿಗಿಯುತ್ತದೆ. ಸರ್ಕಾರಗಳು ಬಳಸುವ ಸೆಲ್ ಬ್ರಾಡ್‌ಕಾಸ್ಟ್‌ನ ರೀತಿ ಬೇರೆ: ಮೊಬೈಲ್ ಗೋಪುರವು ತನ್ನ ವ್ಯಾಪ್ತಿಯಲ್ಲಿರುವ ಎಲ್ಲ ಫೋನುಗಳಿಗೂ ಒಂದೇ ಸಲಕ್ಕೆ ಸಾರುತ್ತದೆ, ಯಾರ ಸಂಖ್ಯೆಯೂ ಬೇಕಾಗುವುದಿಲ್ಲ, ದಟ್ಟಣೆಯೂ ಅದನ್ನು ತಡೆಯುವುದಿಲ್ಲ. ಆದರೆ ಸಾಮಾನ್ಯವಾಗಿ ಆ ಸೌಲಭ್ಯ ವಿಶ್ವವಿದ್ಯಾಲಯಗಳ ಕೈಯಲ್ಲಿ ಇರುವುದಿಲ್ಲ. ಮತ್ತು ಎರಡೂ ವಿಧಾನಗಳಲ್ಲಿ ಫೋನು ಚಾಲೂ ಇರಲೇಬೇಕು.

ಒಬ್ಬ ತಂದೆ, 8:58
ನನ್ನ ಮಗಳಿಗೆ ಒಂದನೆಯ ಬಗೆಯ ಮಧುಮೇಹವಿದೆ. ಅವಳ ತೋಳಿನಲ್ಲಿರುವ ಸಂವೇದಕವು ಕೆಲವು ನಿಮಿಷಗಳಿಗೊಮ್ಮೆ ಸಕ್ಕರೆಯ ಮಟ್ಟವನ್ನು ಬ್ಲೂಟೂತ್ ಮೂಲಕ ಫೋನಿಗೆ ಕಳುಹಿಸುತ್ತದೆ, ಮಟ್ಟ ಕುಸಿದರೆ ಫೋನು ಕೂಗಿಕೊಳ್ಳುತ್ತದೆ. ಫೋನು ಆಫ್ ಆದರೆ ಆ ಕೂಗೂ ಇಲ್ಲ. ದೊಡ್ಡ ಸಭಾಂಗಣದಲ್ಲಿ ಅದು ಚಾಲೂ ಇದ್ದರೂ, ಬಾಗಿಲ ಪೆಟ್ಟಿಗೆಯವರೆಗೆ ಸಂಕೇತ ಮುಟ್ಟುತ್ತದೆಂಬ ಭರವಸೆಯಿಲ್ಲ. “ವೈದ್ಯಕೀಯ ಕಾರಣವಿದ್ದವರು ವಿನಾಯಿತಿಗಾಗಿ ಅರ್ಜಿ ಸಲ್ಲಿಸಬಹುದು” ಎಂಬ ಸಾಲು ಕರಡಿನಲ್ಲಿದೆ ಎಂಬುದು ನಿಜ. ಆದರೆ 80 ಜನರ ತರಗತಿಯಲ್ಲಿ ಒಬ್ಬಳ ಮೇಜಿನ ಮೇಲೆ ಮಾತ್ರ ಫೋನು ಇದ್ದರೆ, ಅವಳ ಕಾಯಿಲೆ ಏನೆಂದು ಮೊದಲ ದಿನವೇ ಎಲ್ಲರೂ ಕೇಳುತ್ತಾರೆ. ಹಿಂದೊಮ್ಮೆ ಅವಳು ಓದುತ್ತಿದ್ದ ಕಾಲೇಜಿನಲ್ಲಿ ಇದೇ ಆಗಿ, ಅವಳು ಫೋನನ್ನು ಮನೆಯಲ್ಲಿ ಬಿಟ್ಟು ಹೋಗತೊಡಗಿದ್ದಳು. ನಮಗೆ ಗೊತ್ತಾದದ್ದು ಎರಡು ತಿಂಗಳ ನಂತರ.

ಪ್ರಾಧ್ಯಾಪಕಿ, 9:10
ಇದನ್ನು ನಾವು ಯೋಚಿಸಿಯೇ ಇರಲಿಲ್ಲ. ವಿನಾಯಿತಿಯ ಸಾಲನ್ನು ಬರೆದು ಕರ್ತವ್ಯ ಮುಗಿಯಿತೆಂದುಕೊಂಡಿದ್ದೆವು.

ಸಂಶೋಧನಾ ವಿದ್ಯಾರ್ಥಿ, 9:15
ಇನ್ನೊಂದು ಸಣ್ಣ ವಿಷಯವಿದೆ. ಹಾಜರಿಯನ್ನು ಫೋನಿನ ಕ್ಯೂಆರ್ ಕೋಡಿನಿಂದಲೇ ಹಾಕಬೇಕೆಂದು ಆರನೆಯ ಕಲಮು ಹೇಳುತ್ತದೆ, ಕಿರುಪರೀಕ್ಷೆಯ ಜಾಲತಾಣಕ್ಕೆ ಲಾಗಿನ್ ಆಗಲು ಒಟಿಪಿ ಬರುವುದೂ ಫೋನಿಗೇ. ಪೆಟ್ಟಿಗೆಗೆ ಹಾಕಿಸುವವರೂ ಪೆಟ್ಟಿಗೆಯಿಂದ ತೆಗೆಸುವವರೂ ನಾವೇ ಆಗುತ್ತೇವೆ.

ಭದ್ರತಾ ಅಧಿಕಾರಿ, 9:27
ಪೆಟ್ಟಿಗೆಯ ಮಾತು ಬಂದದ್ದು ಒಳ್ಳೆಯದಾಯಿತು. ನನ್ನ ದೊಡ್ಡ ಆಕ್ಷೇಪಣೆ ಇರುವುದು “ಬಾಗಿಲ ಬಳಿಯ” ಎಂಬ ಎರಡು ಪದಗಳಿಗೆ. ಹೊಗೆ ತುಂಬಿದ ಕೋಣೆಯಿಂದ 80 ಜನ ಹೊರಬರುವಾಗ ಅವರಿಗೆ ಅತ್ಯಂತ ಬೆಲೆಬಾಳುವ ವಸ್ತು ಇರುವ ಪೆಟ್ಟಿಗೆ ಬಾಗಿಲಲ್ಲಿಯೇ ಇದ್ದರೆ ಒಬ್ಬೊಬ್ಬರೂ ಅಲ್ಲಿ ನಿಂತು ತಮ್ಮದನ್ನು ಹುಡುಕುತ್ತಾರೆ. “ಸಾಮಾನು ಬಿಟ್ಟು ಬನ್ನಿ” ಎಂದು ಎಷ್ಟು ಅಣಕು ಕವಾಯತುಗಳಲ್ಲಿ ಹೇಳಿದ್ದರೂ ಹುಡುಕಿಯೇ ಹುಡುಕುತ್ತಾರೆ. ಹೊರಬೀಳುವ ದಾರಿಯನ್ನು ನಮ್ಮ ಕೈಯಾರೆ ಮುಚ್ಚಿದಂತಾಗುತ್ತದೆ. ಫೋನು ಚೀಲದಲ್ಲಿಯೇ ಇರಲಿ. ಅದು ಸೈಲೆಂಟ್ ಆಗಿಯೂ ಇರಲಿ, ಏಕೆಂದರೆ ಅಡಗಿ ಕೂರಬೇಕಾದ ಸಂದರ್ಭದಲ್ಲಿ ರಿಂಗಾಗುವ ಫೋನು ಎಲ್ಲಿದ್ದೀರೆಂಬುದನ್ನು ಬಯಲು ಮಾಡುತ್ತದೆ.

ದೂರಸಂಪರ್ಕ ಎಂಜಿನಿಯರ್, 9:36
ನನಗೆ ಈಗ ಕಾಣುತ್ತಿರುವುದು ಇಷ್ಟು. ಪಾಠಕ್ಕೆ ಬೇಕಾಗಿರುವುದು ಫೋನು ಕೈಯಿಂದಲೂ ಕಣ್ಣಿನಿಂದಲೂ ದೂರ ಇರುವುದು, ಸುರಕ್ಷತೆಗೆ ಬೇಕಾಗಿರುವುದು ಅದು ಚಾಲೂ ಇರುವುದು. ಈ ಎರಡಕ್ಕೂ ಜಗಳವೇ ಇಲ್ಲ. ಜಗಳ ಹುಟ್ಟಿದ್ದು “ಸ್ವಿಚ್ ಆಫ್” ಎಂಬ ಪದದಿಂದ. ಜೊತೆಗೆ ಅಧ್ಯಾಪಕರ ಫೋನೊಂದು ಮೇಜಿನ ಮೇಲೆ ಧ್ವನಿಸಹಿತ ಇರಲಿ, ಗೋಡೆಗೊಂದು ಧ್ವನಿವರ್ಧಕವಿರಲಿ. ಎಂಬತ್ತು ಫೋನುಗಳು ಕೇಳಿಸಿಕೊಳ್ಳಬೇಕಾಗಿಲ್ಲ, ಕೋಣೆ ಕೇಳಿಸಿಕೊಂಡರೆ ಸಾಕು.

ಪ್ರಾಧ್ಯಾಪಕಿ, 9:48
ಧ್ವನಿವರ್ಧಕ ಕಿವಿ ಕೇಳದ ವಿದ್ಯಾರ್ಥಿಗೆ ಕೇಳಿಸುವುದಿಲ್ಲ. ನನ್ನ ತರಗತಿಯಲ್ಲಿ ಅಂಥವನೊಬ್ಬನಿದ್ದಾನೆ, ನನ್ನ ಮಾತನ್ನು ಫೋನಿನಲ್ಲಿ ಅಕ್ಷರವಾಗಿಸಿಕೊಂಡೇ ಅವನು ಪಾಠ ಓದುವುದು. ಅವನಿಗೆ ಚೀಲವೂ ಆಗದು, ಮೇಜೇ ಆಗಬೇಕು. ಆದ್ದರಿಂದ ಹೀಗೆ ಬರೆಯುತ್ತೇನೆ: “ಬಳಕೆಯಲ್ಲಿಲ್ಲದ ಫೋನುಗಳು ಚಾಲೂ ಸ್ಥಿತಿಯಲ್ಲಿ, ನಿಶ್ಶಬ್ದವಾಗಿ, ಮುಚ್ಚಿದ ಚೀಲದಲ್ಲಿ ಇರತಕ್ಕದ್ದು, ಆರೋಗ್ಯಕ್ಕೆ ಅಥವಾ ಕಲಿಕೆಗೆ ಅಗತ್ಯವಿರುವ ಫೋನು ಮೇಜಿನ ಮೇಲಿರಬಹುದು, ಅದಕ್ಕೆ ಕಾರಣ ಕೇಳತಕ್ಕದ್ದಲ್ಲ.” ಕೊನೆಯ ಮಾತನ್ನು ಕೆಲವರು ದುರುಪಯೋಗ ಮಾಡುತ್ತಾರೆಂಬುದು ನನಗೆ ಗೊತ್ತು, ಅದು ನನಗೆ ಇಷ್ಟವೂ ಇಲ್ಲ.

ಒಬ್ಬ ತಂದೆ, 9:52
ಆ ಮಾತನ್ನು ಮಾತ್ರ ತೆಗೆಯಬೇಡಿ, ಮೇಡಂ.

ಪ್ರಾಧ್ಯಾಪಕಿ, 9:53
ತೆಗೆಯುವುದಿಲ್ಲ.

ಭದ್ರತಾ ಅಧಿಕಾರಿ, 10:04
ಒಂಬತ್ತನೆಯದಕ್ಕೂ ಒಂದು ಸಾಲು ಸೇರಿಸಿ: ವರ್ಷಕ್ಕೆ ಎರಡು ಸಲ, ಮುನ್ಸೂಚನೆಯಿಲ್ಲದೆ, ತರಗತಿ ನಡೆಯುತ್ತಿರುವಾಗಲೇ ಎಚ್ಚರಿಕೆಯ ಅಣಕು ಪರೀಕ್ಷೆ ನಡೆಸತಕ್ಕದ್ದು.

ಪ್ರಾಧ್ಯಾಪಕಿ, 10:06
ಸೇರಿಸುತ್ತೇನೆ, ಸರ್. ನನ್ನ ಕಿರುಪರೀಕ್ಷೆಯ ವಾರವನ್ನು ಬಿಟ್ಟು ಎಂದು ಬರೆಯಬಹುದೇ?

ಭದ್ರತಾ ಅಧಿಕಾರಿ, 10:07
ಬರೆಯಬಾರದು.