ಎರಡು ವರ್ಷದ ಮೇಲೆ ಮೊದಲ ತಿರುಗಾಟ, ಗದಗದಿಂದ ಎಲ್ಲಿಗೆ ಹೋಗೋಣ?

ಬೆಟಗೇರಿ ಮಗ್ಗ · 28 ನವೆಂಬರ್ 2021

ಎಲ್ಲರಿಗೂ ಶರಣು. ನಾನು ಬೆಟಗೇರಿಯವನು, ಮನೆತನದ ಕಸುಬು ನೇಕಾರಿಕೆ, ವಯಸ್ಸು 46. ಈ ಮೇ ತಿಂಗಳಲ್ಲಿ ಕೊರೊನಾ ಬಂದು ಹನ್ನೊಂದು ದಿನ ದವಾಖಾನೆಯಲ್ಲಿದ್ದೆ. ಅದರಲ್ಲಿ ಆರು ದಿನ ಆಕ್ಸಿಜನ್ ಮೇಲೆ. ದೇವರ ದಯೆಯಿಂದ ಮನೆಗೆ ಬಂದೆ. ಪಕ್ಕದ ಮಂಚದ ಹಿರಿಯರು ಬರಲಿಲ್ಲ.

ಈಗ ಆರು ತಿಂಗಳಾಯಿತು. ಮಗ್ಗದ ಮೇಲೆ ದಿನಕ್ಕೆ ಐದಾರು ತಾಸು ಕೂಡುತ್ತೇನೆ, ಕೈಕಾಲಿಗೆ ಏನೂ ತ್ರಾಸಿಲ್ಲ. ಆದರೆ ಮಾಳಿಗೆ ಹತ್ತುವಾಗ ಹದಿನಾಲ್ಕನೇ ಮೆಟ್ಟಿಲಿಗೆ ನಿಂತು ಉಸಿರು ತಗೋಬೇಕು. ಮೊದಲು ಎರಡೆರಡು ಮೆಟ್ಟಿಲು ದಾಟಿ ಹತ್ತುತ್ತಿದ್ದವನು ನಾನು.

ಮಗಳು ಒಂಬತ್ತನೇ ತರಗತಿ, ಮಗ ನಾಲ್ಕನೆಯದು. 2020ರ ಮಾರ್ಚ್‌ನಿಂದ ಇಬ್ಬರೂ ಗದಗ ದಾಟಿ ಎಲ್ಲಿಗೂ ಹೋಗಿಲ್ಲ. ಸಂಜೆ ಮಾಳಿಗೆ ಮೇಲೆ ನಿಂತು ದೂರದ ಗುಡ್ಡದ ಗಾಳಿಯಂತ್ರ ಎಣಿಸುವುದೇ ಮಗನ ಆಟವಾಗಿದೆ. ಮೊನ್ನೆ ಕೇಳಿದ: "ಅಪ್ಪಾ, ಹತ್ರ ಹೋದ್ರ ಅವು ಎಷ್ಟು ದೊಡ್ಡವು ಇರ್ತಾವ?" ನನಗೆ ಉತ್ತರ ಹೇಳಲು ಆಗಲಿಲ್ಲ. ಅವತ್ತೇ ಹೆಂಡತಿಗೆ ಹೇಳಿದೆ, ಈ ಡಿಸೆಂಬರ್‌ನಲ್ಲಿ ಹೇಗಾದರೂ ಹೊರಡೋಣ ಎಂದು.

ಎಲ್ಲಿಗೆ ಎನ್ನುವುದೇ ತೊಡಕು. ಹುಬ್ಬಳ್ಳಿಯಲ್ಲಿರುವ ನನ್ನ ಅಳಿಯ, ಅಂದರೆ ಹೆಂಡತಿಯ ತಮ್ಮ, ದಾಂಡೇಲಿಗೆ ಎರಡು ರಾತ್ರಿ ಹೋಗೋಣ, ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡೋಣ ಅನ್ನುತ್ತಾನೆ. ಮಕ್ಕಳು ಅವನ ಕಡೆ. ಅವ್ವನಿಗೆ 70 ವರ್ಷ, ಮೊಣಕಾಲು ನೋವು, ಯಾವುದಾದರೂ ಗುಡಿಗೆ ಹೋದರೆ ಸಾಕು ಅನ್ನುತ್ತಾಳೆ. ಹೆಂಡತಿಗೆ ಹೋಟೆಲ್ ಊಟ, ವಸತಿ ಎಂದರೆ ಇನ್ನೂ ಅಂಜಿಕೆ. ನಮಗೆ ದೊಡ್ಡವರಿಗೆ ಎರಡೂ ಡೋಸ್ ಆಗಿವೆ, ಮಕ್ಕಳಿಗೆ ಇನ್ನೂ ಲಸಿಕೆ ಬಂದಿಲ್ಲ.

ಇನ್ನೊಂದು ಮಾತು. 2020ರ ಏಪ್ರಿಲ್‌ಗೆ ಗೋಕರ್ಣದ ಒಂದು ವಸತಿಗೃಹಕ್ಕೆ ಆರು ಸಾವಿರ ಮುಂಗಡ ಕಟ್ಟಿದ್ದೆ. ಲಾಕ್‌ಡೌನ್ ಬಿತ್ತು, ದುಡ್ಡು ತಿರುಗಿ ಬರಲಿಲ್ಲ. ನೇಕಾರನಿಗೆ ಆರು ಸಾವಿರ ಸಣ್ಣದಲ್ಲ. ಹೀಗಾಗಿ ಈ ಸಲ ಯಾರಿಗೂ ಮುಂಗಡ ಕೊಡುವ ಮನಸ್ಸಿಲ್ಲ.

ಓಣಿಯವರ ಓಮ್ನಿ ಬಾಡಿಗೆಗೆ ಸಿಗುತ್ತದೆ. ಐದು ಜನ, ಮೂರು ಸಾವಿರದೊಳಗೆ, ನಸುಕಿನಲ್ಲಿ ಹೊರಟು ರಾತ್ರಿ ಮನೆಗೆ ಬಂದು ಮಲಗುವಂಥ ಜಾಗ ಬೇಕು. ಮಕ್ಕಳಿಗೆ "ಹೋಗಿ ಬಂದೆವು" ಅನ್ನಿಸಬೇಕು, ನನಗೆ ದಾರಿಯಲ್ಲಿ ಉಸಿರು ಕಟ್ಟಬಾರದು. ಅನುಭವ ಇದ್ದವರು ಹೇಳಿರಿ.

ಉಣಕಲ್ ಕೆರಿ ದಂಡಿ · 28 ನವೆಂಬರ್ 2021

ಅಣ್ಣಾರ, ನಾನು ದಾಂಡೇಲಿಗೆ ಏಳೆಂಟು ಸಲ ಹೋಗೀನಿ, ಆ ಕಾಡು ಅಂದ್ರ ನನಗ ಜೀವ. ಆದ್ರೂ ಈ ಸಲ ಬ್ಯಾಡ ಅಂತೀನಿ. ಗಣೇಶಗುಡಿ ಕಡೆ ರಾಫ್ಟಿಂಗ್ ನಡಿಯೂದು ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟಾಗ. ನೀರು ಬಿಡಲಿಲ್ಲ ಅಂದ್ರ ಅವತ್ತು ಇಲ್ಲ. ಸಣ್ಣ ಹುಡುಗರನ್ನ ದೊಡ್ಡ ಸುತ್ತಿಗೆ ಹತ್ತಿಸೂದಿಲ್ಲ, ನಿಮ್ಮ ಮಗ ದಂಡಿ ಮ್ಯಾಲ ಕುಂತು ಅಳತಾನ. ದೋಣಿ ಮಗಚಿದ್ರ ಲೈಫ್ ಜಾಕೆಟ್ ಇದ್ರೂ ನೀರಿನಾಗ ತುಸು ಹೊತ್ತು ಹೊಡದಾಡಬೇಕು. ಹದಿನಾಲ್ಕು ಮೆಟ್ಟಿಲಿಗೆ ನಿಲ್ಲೂ ಎದಿಗೆ ಅದು ಆಗೂದಲ್ಲ. ನಿಮ್ಮ ಅಳಿಯಗ ನನ್ನ ಹೆಸರು ಹೇಳಿ ಬೈರಿ.

ದೂಧಸಾಗರ ಜಲಪಾತ ಅಂತ ಯಾರರ ಹೇಳಿದ್ರ ಅದನ್ನೂ ಕೇಳಬ್ಯಾಡ್ರಿ. ಹಳಿ ಮ್ಯಾಲ ನಡಕೊಂಡು ಹೋಗೂದು ಅಪರಾಧ, ರೈಲ್ವೆಯವರು ಹಿಡಿದು ದಂಡ ಹಾಕತಾರ.

ಸಾಧನಕೇರಿ ಅಕ್ಕ · 29 ನವೆಂಬರ್ 2021

ತಮ್ಮಾ, ನೀವು ಬರದದ್ದು ಎರಡು ಸಲ ಓದಿದೆ. ನಾನು ಮೂವತ್ತೊಂದು ವರ್ಷ ನರ್ಸ್ ಆಗಿ ದುಡದಾಕಿ, ಈಗ ಧಾರವಾಡದಾಗ ಮನ್ಯಾಗ ಇದ್ದೀನಿ. ಎರಡನೇ ಅಲಿ ಒಳಗ ಗುರುತಿನ ಎಷ್ಟೋ ಮನಿಗೆ ಹೋಗಿ ಆಕ್ಸಿಮೀಟರ್ ಹಚ್ಚಿ ನೋಡಿ ಬಂದೀನಿ. ಅದಕ್ಕ ಜಾಗದ ಮಾತಿಗಿಂತ ಮೊದಲ ನಿಮ್ಮ ಎದಿ ಮಾತು.

ಮನ್ಯಾಗ ಆಕ್ಸಿಮೀಟರ್ ಇರಬೇಕು. ಬೆಳಿಗ್ಗೆ ಕೈ ಬೆಚ್ಚಗ ಮಾಡಕೊಂಡು, ಐದು ನಿಮಿಷ ಸುಮ್ಮ ಕೂತು ಒಂದು ಸಲ ನೋಡ್ರಿ, ಬರಕೋರಿ. ಆಮ್ಯಾಲ ಸಪಾಟ ಜಾಗದಾಗ ನಿಮ್ಮ ಮಾಮೂಲಿ ನಡಿಗಿಲೆ ಆರು ನಿಮಿಷ ಅಡ್ಡಾಡ್ರಿ. ಮತ್ತ ನೋಡ್ರಿ. ಕೂತಾಗ ಇದ್ದದ್ದಕ್ಕಿಂತ ಮೂರು ನಾಲ್ಕು ಅಂಕಿ ಇಳೀತು ಅಂದ್ರ, ಇಲ್ಲಾ 94ರ ಕೆಳಗ ಹೋತು ಅಂದ್ರ, ತಿರುಗಾಟ ಬಿಟ್ಟು ಮೊದಲ ಡಾಕ್ಟರ್ ಕಡೆ ಹೋಗ್ರಿ. ಇಳೀಲಿಲ್ಲ ಅಂದ್ರ ಸಪಾಟ ಜಾಗಕ್ಕ ಧೈರ್ಯದಿಂದ ಹೋಗಬಹುದು. ದವಾಖಾನ್ಯಾಗ ಸ್ಟೆರಾಯ್ಡ್ ಕೊಟ್ಟಿರತಾರ, ಸಕ್ಕರಿ ಒಮ್ಮೆ ತಪಾಸ ಮಾಡಿಸ್ರಿ. ಮೂರು ತಿಂಗಳಾದ ಮ್ಯಾಲ ಸಕ್ಕರಿ ಏರಿದ್ದು ಗೊತ್ತಾದವರನ್ನ ನಾ ನೋಡೀನಿ.

ಇನ್ನ ಜಾಗ. ನೀವು ಗದಗದಾಗ ಇದ್ದು ದಾಂಡೇಲಿ ಕಡೆ ಯಾಕ ನೋಡತೀರಿ? ಮಾಗಡಿ ಕೆರಿ ನಿಮಗ 26 ಕಿಲೋಮೀಟರ್. ಶಿರಹಟ್ಟಿ ತಾಲೂಕು. ನವೆಂಬರ್‌ನಿಂದ ಫೆಬ್ರುವರಿ ತನಕ ಅಲ್ಲಿ ಪಟ್ಟೆ ತಲಿ ಹೆಬ್ಬಾತು ಇಳೀತಾವ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರೂ ಹಕ್ಕಿ. ಬೆಳ್ಳನ್ನ ತಲಿ ಹಿಂದ ಎರಡು ಕರಿ ಪಟ್ಟಿ, ನಿಮ್ಮ ಮಗ ಒಂದ ಸಲಕ್ಕ ಗುರುತು ಹಿಡೀತಾನ. ಅವು ಮೀನ ತಿನ್ನೂದಿಲ್ಲ, ಹೊಲದಾಗ ಮೇಯತಾವ. ಹೊತ್ತು ಮೂಡಿದ ಮ್ಯಾಲ ಹಿಂಡ ಹಿಂಡಾಗಿ ಕೆರಿಗೆ ತಿರುಗಿ ಬರತಾವ. ಅದನ್ನ ನೋಡಬೇಕಂದ್ರ ಆರೂವರಿಗೆ ನೀವು ಏರಿ ಮ್ಯಾಲ ಇರಬೇಕು. ಹತ್ತೂದು ಇಲ್ಲ, ಇಳಿಯೂದು ಇಲ್ಲ. ಅವ್ವಾರನ್ನ ಕುರ್ಚಿ ಹಾಕಿ ಕೂಡಸರಿ.

ಹತ್ತು ಗಂಟೆಕ್ಕ ತಿರುಗಿ ಮನಿಗೆ ಬರ್ರಿ. ಹೌದು, ಮನಿಗೆ. ನಡುವ ಬೆಟಗೇರಿ ಬರತದ, ಅದ ನಿಮ್ಮ ದೊಡ್ಡ ಸೌಲಭ್ಯ. ಹೆಣ್ಣಮಕ್ಕಳಿಗೆ ಶೌಚದ ಚಿಂತಿ ಇಲ್ಲ, ಅವ್ವಾರು ತಾಸು ಕಾಲು ಚಾಚಿ ಮಲಗತಾರ, ನೀವೂ ಎದಿಗೆ ಆರಾಮ ಕೊಡತೀರಿ. ಮಧ್ಯಾಹ್ನ ಮೂರಕ್ಕ ಲಕ್ಕುಂಡಿಗೆ ಹೋಗ್ರಿ, 12 ಕಿಲೋಮೀಟರ್. ಅವ್ವಾರಿಗೆ ಗುಡಿ, ಮಗಳಿಗೆ ಇತಿಹಾಸ.

ಬೆಟಗೇರಿ ಮಗ್ಗ · 5 ಡಿಸೆಂಬರ್ 2021

ಅಕ್ಕಾರ, ನೀವು ಹೇಳಿದಂತೆ ಮೂರು ದಿನ ಮಾಡಿದೆ. ಕೂತಾಗ 97, ಆರು ನಿಮಿಷ ನಡೆದ ಮೇಲೆ 95. ಮೂರೂ ದಿನ ಹಾಗೆಯೇ. ಎದೆ ಬಡಿತ ಮಾತ್ರ ಜೋರಾಗುತ್ತದೆ. ಸಕ್ಕರೆ ತಪಾಸಣೆಯೂ ಆಯಿತು, ಸರಿ ಇದೆ. ಡಾಕ್ಟರು ಸಪಾಟ ಜಾಗಕ್ಕೆ ಹೋಗಿ ಬರ್ರಿ ಅಂದರು.

ಆದರೆ ಮನಸ್ಸು ಮತ್ತೆ ಡೋಲಾಯಮಾನ. 2ನೇ ತಾರೀಕು ನಮ್ಮ ರಾಜ್ಯದಲ್ಲೇ ಒಮಿಕ್ರಾನ್‌ನ ಮೊದಲ ಎರಡು ಪ್ರಕರಣ ಎಂದು ಸುದ್ದಿ ಬಂದಾಗಿನಿಂದ ಹೆಂಡತಿ ಬೇಡವೇ ಬೇಡ ಅನ್ನುತ್ತಿದ್ದಾಳೆ. ಬಿಟ್ಟುಬಿಡಲೇ? ಮಗ ಮಾತ್ರ ಗಾಳಿಯಂತ್ರ ಬಿಡುತ್ತಿಲ್ಲ. ಕಪ್ಪತಗುಡ್ಡ ಆಗುತ್ತದೆಯೇ?

ಡೋಣಿ ಹಾದಿ · 5 ಡಿಸೆಂಬರ್ 2021

ಕಾಕಾ, ನಾನು ಗುಡ್ಡದ ಬುಡದಾಗ ಬೆಳದಾವ. ಗಾಳಿಗುಂಡಿ ಬಸವಣ್ಣನ ಕಡೆ ಗಾಳಿ ಹೆಂಗ ಬೀಸತೈತಿ ಅಂದ್ರ ಟೋಪಿ ತಲಿ ಮ್ಯಾಲ ಉಳಿಯೂದಿಲ್ಲ. ಎದುರ ಗಾಳಿಯೊಳಗ ಆರಾಮ ಇದ್ದವರಿಗೂ ಉಸಿರು ಹಿಡೀತೈತಿ, ಮ್ಯಾಲ ಚಳಿ ಬ್ಯಾರೆ. ನಿಮಗ ಈಗ ಅದು ಬ್ಯಾಡ. ಮತ್ತ ನಮ್ಮ ಗುಡ್ಡ ನೋಡೂದು ಶ್ರಾವಣ, ಭಾದ್ರಪದದಾಗ. ಎಲ್ಲಾ ಹಸರ ಇರತೈತಿ, ಮೋಡ ತಲಿ ಮ್ಯಾಲ ಇಳೀತಾವ. ಚಳಿಗಾಲ ಮುಗಿದಂಗ ಹುಲ್ಲು ಒಣಗತೈತಿ, ಒಂದು ಬೀಡಿ ತುಂಡಿಗೆ ಗುಡ್ಡಕ್ಕ ಗುಡ್ಡನ ಸುಡತೈತಿ. ಎಷ್ಟೋ ಔಷಧಿ ಗಿಡ ಸುಟ್ಟು ಹೋಗ್ಯಾವ, ನೋಡಿದ್ರ ಹೊಟ್ಟಿ ಉರೀತೈತಿ. 2019ರಾಗ ವನ್ಯಜೀವಿ ಧಾಮ ಆತು, ಅದಕ್ಕ ಎಷ್ಟು ಮಂದಿ ಹೋರಾಟ ಮಾಡ್ಯಾರ. ಬರೂ ವರ್ಷ ಮಳಿ ಬಿದ್ದ ಮ್ಯಾಲ ಅರಣ್ಯ ಇಲಾಖೆಯವರನ್ನ ಕೇಳಿ ಬರ್ರಿ, ನಾನ ಕರಕೊಂಡು ಅಡ್ಡಾಡಸ್ತೀನಿ.

ಗಾಳಿಯಂತ್ರ ನೋಡಾಕ ಗುಡ್ಡ ಯಾಕ ಹತ್ತಬೇಕು? ಮಾಗಡಿ ದಾರಿ ಸುತ್ತಮುತ್ತ ಹೊಲದಾಗನ ನಿಂತಾವ. ಬರುವಾಗ ಒಂದರ ಬುಡಕ್ಕ ಗಾಡಿ ನಿಲ್ಲಸ್ರಿ.

ವರದಾ ನೀರು · 6 ಡಿಸೆಂಬರ್ 2021

ಸರ್, ಹಾವೇರಿಯಿಂದ. ನಮ್ಮ ಬಂಕಾಪುರದ ನವಿಲುಧಾಮಕ್ಕೂ ಬನ್ನಿ ಎಂದು ಕರೆಯುವ ಆಸೆ. ಹಳೆಯ ಕೋಟೆಯೊಳಗೆ ನವಿಲುಗಳಿವೆ, ಅಲ್ಲೇ ನಗರೇಶ್ವರ ಗುಡಿ, ಜನ ಅರವತ್ತು ಕಂಬದ ಗುಡಿ ಅನ್ನುತ್ತಾರೆ. ಆದರೆ ಇದ್ದದ್ದು ಇದ್ದಂತೆ ಹೇಳಬೇಕು: ಮಳೆಗಾಲ ಮುಗಿದ ಮೇಲೆ ಗಂಡು ನವಿಲು ಗರಿ ಉದುರಿಸುತ್ತದೆ. ಡಿಸೆಂಬರ್‌ನಲ್ಲಿ ಬಂದರೆ ಮಕ್ಕಳಿಗೆ ಉದ್ದ ಗರಿಯೂ ಸಿಗುವುದಿಲ್ಲ, ಕುಣಿತವೂ ಕಾಣುವುದಿಲ್ಲ. ಚಿತ್ರದಲ್ಲಿ ನೋಡಿದಂತೆ ಇಲ್ಲ ಎಂದು ಬೇಜಾರಾಗುತ್ತದೆ. ಜೂನ್, ಜುಲೈನಲ್ಲಿ ಬೆಳಿಗ್ಗೆ ಬೇಗ ಬನ್ನಿ. ಆಗ ಸವಣೂರಿಗೂ ಹೋಗಿ, ಅಲ್ಲಿನ ಮಠದಲ್ಲಿ ಜನ "ದೊಡ್ಡ ಹುಣಸೆ" ಎಂದು ಕರೆಯುವ ಮರಗಳಿವೆ. ಅವು ಹುಣಸೆಯಲ್ಲ, ಆಫ್ರಿಕಾ ಮೂಲದ ಬೇರೆ ಜಾತಿ. ನಿಮ್ಮ ಮನೆಯ ಐದೂ ಜನ ಕೈ ಕೈ ಹಿಡಿದು ನಿಂತರೂ ಒಂದರ ಬೊಡ್ಡೆ ತಬ್ಬಲು ಆಗುವುದಿಲ್ಲ.

ಸಾಧನಕೇರಿ ಅಕ್ಕ · 6 ಡಿಸೆಂಬರ್ 2021

ತಮ್ಮಾ, 95 ಚಲೋ ಅದ. ನಿಮ್ಮ ಮನಿಯವರ ಅಂಜಿಕಿ ಸುಳ್ಳಲ್ಲ, ಆಕಿ ಹನ್ನೊಂದು ದಿನ ಏನು ಅನುಭವಿಸ್ಯಾಳ ಅನ್ನೂದು ಆಕಿಗೇ ಗೊತ್ತು. ಆಕಿಗೆ ಹಿಂಗ ಹೇಳ್ರಿ: ಗಾಡಿಯೊಳಗ ಮನಿ ಮಂದಿ ಬಿಟ್ಟು ಬ್ಯಾರೆಯವರು ಇರೂದಿಲ್ಲ, ಕಿಡಕಿ ತಗದಿರತಾವ, ಬುತ್ತಿ ಮನೀದು, ನೀರು ಮನೀದು, ನಿಂತಲ್ಲಿ ಬಯಲು ಗಾಳಿ. ಗುಡಿಯೊಳಗ ಮಂದಿ ಕಂಡ್ರ ಹೊರಗ ನಿಂತು ಕೈ ಮುಗೀರಿ. ಇದಕ್ಕಿಂತ ಸಂತಿಗೆ ಹೋಗೂದು ಹೆಚ್ಚು ಧೋಕಾ. ಹೋಗ್ರಿ.

ಬೆಟಗೇರಿ ಮಗ್ಗ · 20 ಡಿಸೆಂಬರ್ 2021

ನಿನ್ನೆ ಭಾನುವಾರ ಹೋಗಿ ಬಂದೆವು. ಇವತ್ತು ಮಗ್ಗಕ್ಕೆ ಕೂಡುವ ಮೊದಲು ಇದನ್ನು ಬರೆಯುತ್ತಿದ್ದೇನೆ.

ಹೆಂಡತಿ ಮೂರೂವರೆಗೇ ಎದ್ದು ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು ಕಟ್ಟಿದಳು. ಬೇಡ ಬೇಡ ಎಂದವಳೇ ಎಲ್ಲರಿಗಿಂತ ಮೊದಲು ಗಾಡಿಯಲ್ಲಿ ಕೂತಿದ್ದಳು. ಆರೂ ಇಪ್ಪತ್ತಕ್ಕೆ ಮಾಗಡಿ ಕೆರೆ ಮುಟ್ಟಿದೆವು. ನವೆಂಬರಿನ ಅಕಾಲಿಕ ಮಳೆಗೆ ಕೆರೆ ತುಂಬಿತ್ತು. ಮಂಜಿನಲ್ಲಿ ನೀರು ಯಾವುದು, ಆಕಾಶ ಯಾವುದು ತಿಳಿಯಲಿಲ್ಲ. ಅವ್ವನಿಗೆ ಕುರ್ಚಿ ಹಾಕಿ ಕಂಬಳಿ ಹೊದಿಸಿದೆ. ಅರ್ಧ ತಾಸು ಒಂದು ಹಕ್ಕಿಯೂ ಬರಲಿಲ್ಲ. ಮಗನ ಮುಖ ಸಣ್ಣದಾಯಿತು, ನನಗೂ ಒಳಗೇ ಕಳವಳ.

ಮೊದಲು ಕೇಳಿದ್ದು ದನಿ. ಹೊಸ ಚಪ್ಪಲಿ ಮೆಟ್ಟಿ ದೂರದಲ್ಲಿ ಯಾರೋ ನಡೆದಂತೆ ಕುಂಯ್, ಕುಂಯ್ ಎಂದು. ಆಮೇಲೆ ಮೂಡಣದಿಂದ ಒಂದು ಗೆರೆ, ಅದರ ಹಿಂದೆ ಇನ್ನೊಂದು. ನಮ್ಮ ತಲೆಯ ಮೇಲೆ ಬಂದಾಗ ರೆಕ್ಕೆ ಗಾಳಿ ಸೀಳುವ ಸಪ್ಪಳ ಕಿವಿಗೆ ಬಿತ್ತು. ನೀರಿಗೆ ಇಳಿಯುವಾಗ ಎರಡೂ ಕಾಲು ಮುಂದೆ ಚಾಚಿ, ರೆಕ್ಕೆ ಹಿಂದಕ್ಕೆ ಬಡಿದು, ನೀರಿನ ಮೇಲೆ ಗೆರೆ ಎಳೆಯುತ್ತಾ ನಿಲ್ಲುತ್ತಿದ್ದವು. ಮಗಳು ಎರಡುನೂರರ ತನಕ ಎಣಿಸಿ ಬಿಟ್ಟಳು. ಏರಿಯ ಮೇಲೆ ಬಂದ ರೈತರೊಬ್ಬರನ್ನು ಕೇಳಿದೆ, ನಿಮ್ಮ ಬೆಳೆ ತಿನ್ನುವುದಿಲ್ಲವೇ ಎಂದು. "ತಿಂತಾವ್ರಿ. ಕಡ್ಲಿ ಚಿಗುರು ತಿಂತಾವ. ಬಂದ ಬೀಗರು ಉಣ್ಣಬಾರದೇನು?" ಅಂದರು. ಅವ್ವ ಆ ಮಾತು ಕೇಳಿ ಹಕ್ಕಿಗಳಿಗೇ ಕೈ ಮುಗಿದಳು.

ತಿರುಗಿ ಬರುವಾಗ ಒಂದು ಗಾಳಿಯಂತ್ರದ ಬುಡಕ್ಕೆ ಗಾಡಿ ನಿಲ್ಲಿಸಿದೆ. ಬಿಸಿಲು ಇನ್ನೂ ಓರೆಯಾಗಿತ್ತು. ರೆಕ್ಕೆಯ ನೆರಳು ಹೊಲದ ಆ ತುದಿಯಿಂದ ಓಡಿ ಬಂದು ನಮ್ಮ ಮೇಲೆ ಹಾಯ್ದು ಹೋಗುತ್ತಿತ್ತು, ಹಿಂದೆಯೇ ಇನ್ನೊಂದು. ಮಗ ಪ್ರತಿ ನೆರಳು ಬಂದಾಗ ಹಾರಿ ದಾಟಿದ. ಹಾರಿದ, ಕೂಗಿದ, ಮತ್ತೆ ಹಾರಿದ. ಎರಡು ವರ್ಷ ಮನೆಯೊಳಗೆ ಮೆಲ್ಲಗೆ ಮಾತಾಡುತ್ತಿದ್ದ ಹುಡುಗನ ಗಂಟಲು ಇಷ್ಟು ದೊಡ್ಡದಿದೆ ಎಂಬುದನ್ನೇ ನಾನು ಮರೆತಿದ್ದೆ.

ಅಕ್ಕಾರ, ನೀವು ಹೇಳಿದಂತೆ ನಡುವೆ ಮನೆಗೆ ಬಂದು ಎರಡು ತಾಸು ಮಲಗಿದೆವು. ಅದಿಲ್ಲದಿದ್ದರೆ ಲಕ್ಕುಂಡಿ ಆಗುತ್ತಿರಲಿಲ್ಲ. ಬ್ರಹ್ಮ ಜಿನಾಲಯದ ಮುಂದೆ ಮಗಳು ಅತ್ತಿಮಬ್ಬೆಯ ಕಥೆಯನ್ನು ಅಜ್ಜಿಗೆ ಹೇಳಿದಳು, ಈ ಬಸದಿ ಕಟ್ಟಿಸಿದ್ದು 1007ರಲ್ಲಿ ಎಂದು. ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ ಕೆತ್ತನೆಯ ಮುಂದೆ ನಾನು ಬಹಳ ಹೊತ್ತು ನಿಂತೆ. ಪಟ್ಟಿಯ ಒಳಗೆ ಪಟ್ಟಿ, ಬಳ್ಳಿಯ ಒಳಗೆ ಬಳ್ಳಿ, ಎಲ್ಲೂ ಎಳೆ ತಪ್ಪಿಲ್ಲ. ಸೀರೆ ಅಂಚು ನೇಯುವವನಿಗೆ ಆ ಕೈ ಎಂಥದು ಎಂದು ಗೊತ್ತಾಗುತ್ತದೆ.

ಮುಸುಕಿನ ಬಾವಿಯಲ್ಲಿ ಎಂಟು ಮೆಟ್ಟಿಲು ಇಳಿದೆ. ಹೆಂಡತಿ ಮೇಲಿಂದ ಸಾಕು ಬರ್ರಿ ಅಂದಳು. ಹತ್ತಿ ಬಂದು ಆಕ್ಸಿಮೀಟರ್ ಹಚ್ಚಿದೆ, 95.

ಖರ್ಚು: ಓಮ್ನಿ ಬಾಡಿಗೆ, ಎಣ್ಣೆ ಸೇರಿ 1,700, ಉಳಿದದ್ದು ಬಾಳೆಹಣ್ಣು ಮತ್ತು ಚಹಾ. ಹೋಗುವವರು ಕಿವಿ ಮುಚ್ಚುವ ಟೋಪಿ ಮರೆಯಬೇಡಿ, ಕೆರೆ ದಂಡೆಯ ಚಳಿ ಎದೆಗೆ ಇಳಿಯುತ್ತದೆ. ಬಣ್ಣದ ಬಟ್ಟೆ ಬೇಡ, ಮಣ್ಣಿನ ಬಣ್ಣದ್ದು ಹಾಕಿ, ಹಕ್ಕಿ ಬೆದರುವುದಿಲ್ಲ. ಡೋಣಿ ತಮ್ಮಾ, ಬರುವ ಭಾದ್ರಪದಕ್ಕೆ ಐದು ಜನ ಬರುತ್ತೇವೆ. ನಾಳೆಯಿಂದ ಆರು ನಿಮಿಷದ ನಡಿಗೆಯನ್ನು ಹತ್ತಕ್ಕೆ ಏರಿಸಲೇ ಅಕ್ಕಾರ, ಇಲ್ಲ ಇನ್ನೂ ತಡೆಯಲೇ?

ಸಾಧನಕೇರಿ ಅಕ್ಕ · 20 ಡಿಸೆಂಬರ್ 2021

ಎಂಟಕ್ಕ ಏರಸ್ರಿ. ಹದಿನೈದು ದಿನ ಆದ ಮ್ಯಾಲ ಹತ್ತು. ಅಂಕಿ ಬರದು ಇಲ್ಲೇ ಹಾಕ್ರಿ, ನಾ ನೋಡತಿರತೀನಿ.