ಟೊಮೆಟೊ ಬಾಕ್ಸ್ ಲೆಕ್ಕ: ಅಸಮತೆ ಬಿಡಿಸಿದರೆ ಉತ್ತರ ಉಲ್ಟಾ ಬರ್ತಿದೆ

ಪಿಯು_ಕೋಲಾರ:
ಕೋಲಾರ ಎಪಿಎಂಸಿಗೆ 15 ಕೆಜಿ ಟೊಮೆಟೊ ಬಾಕ್ಸ್ ಹೋಗುತ್ತೆ, ದರ 150 ರೂ. ಅಂದುಕೊಳ್ಳಿ. ಹಮಾಲಿ ಬಾಕ್ಸ್‌ಗೆ 12 ರೂ., ಗಾಡಿ ಬಾಡಿಗೆ ಒಟ್ಟು 1,800. ರೈತನ ಕೈಗೆ ಕನಿಷ್ಠ 10,000 ರೂ. ಉಳಿಯಬೇಕು. ಖಾಲಿ ಬಾಕ್ಸ್ 2 ಕೆಜಿ. ಲೋಡ್ 1,500 ಕೆಜಿ ಮೀರಬಾರದು. ಬಾಕ್ಸ್ ಸಂಖ್ಯೆ 'ಬ' ಅಂತ ಇಟ್ಟು 1800 − 138ಬ ≤ −10000 ಬರೆದೆ. ಉತ್ತರ ಬ ≤ 85.5 ಬಂತು. ಎಲ್ಲಿ ತಪ್ಪಿದೆ ಸರ್?

ಲೆಕ್ಕದ_ಮೇಷ್ಟ್ರು:
ಹೇಳಿಕೆ ಸರಿಯಾಗೇ ಇಳಿಸಿದ್ದೀರಿ, ಎಡವಿದ್ದು ಕೊನೇ ಹೆಜ್ಜೇಲಿ. −138ಬ ≤ −11800 ಆದ ಮೇಲೆ −138ರಿಂದ ಭಾಗಿಸಿದಾಗ ಚಿಹ್ನೆ ತಿರುಗಬೇಕು: ಬ ≥ 85.507. 2 < 5 ನಿಜ, ಎರಡೂ ಕಡೆ −1ರಿಂದ ಗುಣಿಸಿದರೆ −2 > −5. ಅಷ್ಟೇ ಕಾರಣ. ಅನುಮಾನ ಬಂದರೆ ಬ = 0 ಹಾಕಿ ನೋಡಿ. ನಿಮ್ಮ ಉತ್ತರದ ಪ್ರಕಾರ ಒಂದು ಬಾಕ್ಸೂ ಒಯ್ಯದೆ ಹತ್ತು ಸಾವಿರ ಉಳಿಯಬೇಕು!

ಮೊದಲೇ 150ಬ − 12ಬ − 1800 ≥ 10000 ಅಂತ ಬರೆದಿದ್ದರೆ ಋಣ ಸಂಖ್ಯೆಯ ತಂಟೆಯೇ ಇರ್ತಿರಲಿಲ್ಲ.

ತೂಕದ್ದು ಬಿಟ್ಟೇಬಿಟ್ಟಿದ್ದೀರಿ: 17ಬ ≤ 1500, ಅಂದರೆ ಬ ≤ 88.23. ಬಾಕ್ಸ್ ಅರ್ಧ ಆಗಲ್ಲ. ಹಾಗಾಗಿ ಕೆಳಮಿತಿಯನ್ನು ಮೇಲಕ್ಕೆ 86ಕ್ಕೆ, ಮೇಲ್ಮಿತಿಯನ್ನು ಕೆಳಕ್ಕೆ 88ಕ್ಕೆ ಒಯ್ಯಿರಿ. 85.507 ಹತ್ತಿರದ ಪೂರ್ಣಾಂಕಕ್ಕೆ ಹೋದರೂ 86ೇ ಬರುತ್ತೆ, ಆದರೆ ಅದು ಅದೃಷ್ಟ; 85.2 ಬಂದಿದ್ದರೂ 86ೇ ಬರೆಯಬೇಕಿತ್ತು. ಉತ್ತರ: 86, 87, 88.

ಚಿಂತಾಮಣಿ_ಗಣಿತ:
ಪರೀಕ್ಷೇಲಿ ಇನ್ನೊಂದು ಕಡೆ ಅಂಕ ಹೋಗುತ್ತೆ. 'ಬ ಐದಕ್ಕಿಂತ ಕಡಿಮೆ' ಅಂದರೆ ಬ < 5. 'ಬಗಿಂತ ಐದು ಕಡಿಮೆ' ಅಂದರೆ ಬ − 5, ಅದರಲ್ಲಿ ಅಸಮತೆಯೇ ಇಲ್ಲ. 'ಕಡಿಮೆ ಇರಬಾರದು' ಇದ್ದರೆ ≥, ಬರೀ > ಅಲ್ಲ. ಸರಿಸಮ ಬಂದರೂ ಷರತ್ತು ಮುರಿಯಲ್ಲ.

ಮಂಡಿ_ಲೆಕ್ಕ:
ಇದಕ್ಕೇ ಮಾರಾಟದ ಮೇಲೆ ಶೇ. 10 ಕಮಿಷನ್ ಸೇರಿಸಿ ನೋಡಿ. ಅದು 150ಬ ಮೇಲೆ ಬೀಳಬೇಕು, ಉಳಿಕೆ ಮೇಲಲ್ಲ. 135ಬ − 12ಬ − 1800 ≥ 10000, ಅಂದರೆ ಬ ≥ 95.9, ಕನಿಷ್ಠ 96. ಗಾಡಿ ಹೊರೋದು 88. ಪರಿಹಾರ ಇಲ್ಲ, 'ಇಲ್ಲ' ಅಂತಲೇ ಬರೆಯಿರಿ. 88 ಬಾಕ್ಸ್‌ಗೇ ಗುರಿ ಮುಟ್ಟಬೇಕಾದರೆ ದರವನ್ನು 'ದ' ಅಂತಿಟ್ಟು 88(0.9ದ − 12) − 1800 ≥ 10000 ಬಿಡಿಸಿ. ದರ ಪೂರ್ಣ ರೂಪಾಯಿಯಲ್ಲಿ ಕನಿಷ್ಠ 163 ಬೇಕು. 162ಕ್ಕೆ 9,974 ರೂ. 40 ಪೈಸೆಗೆ ನಿಲ್ಲುತ್ತೆ.