ಸಹಾಯ ಬೇಕು: ಸಮುದ್ರದ ನೀರು ನುಗ್ಗಿದ ಬಾವಿಗಳಿಗೆ

ಚಂಡಮಾರುತಕ್ಕೆ ಉಕ್ಕಿದ ಸಮುದ್ರ ದಡದ ತೆರೆದ ಬಾವಿಗಳಿಗೆಲ್ಲ ನುಗ್ಗಿದೆ. ಟ್ಯಾಂಕರ್ ನೀರು ಕುಡಿಯೋಕಷ್ಟೇ ಸಾಲುತ್ತೆ. ಬೇಕಿರೋದು ಟಿಡಿಎಸ್ (ನೀರಲ್ಲಿ ಕರಗಿರೋ ಉಪ್ಪಿನಂಥ ವಸ್ತುಗಳ ಪ್ರಮಾಣ) ಅಳೆಯೋ ಮೀಟರ್, ಸಣ್ಣ ಪಂಪ್, ಹೊಸ ಬ್ಲೀಚಿಂಗ್ ಪೌಡರ್, ಕ್ಲೋರಿನ್ ಪರೀಕ್ಷೆಯ ಕಿಟ್, ಜೊತೆಗೆ ಬಾವಿ ಕೆಲಸ ಬಲ್ಲವರು.

ದೊಡ್ಡ ಪಂಪ್ ತರ್ತೀವಿ ಅನ್ನೋರಿಗೆ ಒಂದು ಮಾತು: ದಯವಿಟ್ಟು ಬಾವಿ ಬರಿದು ಮಾಡೋಕೆ ಹೋಗಬೇಡಿ. ದಡದ ಮರಳಿನಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾಗಿ ನಿಂತಿರುತ್ತೆ. ಜೋರಾಗಿ ಎಳೆದರೆ ಕೆಳಗಿನ ಉಪ್ಪುನೀರು ಮೇಲೇರುತ್ತೆ, ನೆನೆದ ಗೋಡೆಯೂ ಕುಸಿಯಬಹುದು. 2004ರ ಸುನಾಮಿ ನಂತರ ಶ್ರೀಲಂಕಾದಲ್ಲಿ ಪದೇಪದೇ ಖಾಲಿ ಮಾಡಿದ ಬಾವಿಗಳಲ್ಲಿ ಉಪ್ಪು ಹೆಚ್ಚಿದ್ದೂ ಉಂಟು. ಕಸ, ಕೆಸರು ಎತ್ತಿ, ಒಮ್ಮೆ ನಿಧಾನವಾಗಿ ನೀರು ತೆಗೆದು, ದೂರ ಹರಿಸಿ, ಟಿಡಿಎಸ್ ನೋಡಿ. ಇಳಿಯದಿದ್ದರೆ ಮಳೆಗೆ ಕಾಯೋದೇ ದಾರಿ.

ಪೆಟ್ರೋಲ್ ಪಂಪನ್ನು ಬಾವಿಯೊಳಗೆ ಇಳಿಸಲೇಬೇಡಿ. ಹೊಗೆಯ ಕಾರ್ಬನ್ ಮೊನಾಕ್ಸೈಡ್ ತುಂಬಿ ಒಳಗಿದ್ದವರ ಜೀವ ಹೋಗುತ್ತೆ.

ಪೌಡರ್ ಲೆಕ್ಕ: 2 ಮೀಟರ್ ಅಗಲದ ದುಂಡು ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್. ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಸಿಗೋಕೆ ಶೇ 33ರಷ್ಟು ಕ್ಲೋರಿನ್ ಇರೋ ಬ್ಲೀಚಿಂಗ್ ಪೌಡರ್ 1.4 ಕೆಜಿ ಬೇಕು. ಬಕೆಟ್ಟಿನಲ್ಲಿ ಕಲಸಿ, ಬಿಳಿ ಗಸಿ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಬಾವಿಗೆ ಸುರಿದು, ರಾತ್ರಿಯಿಡೀ ಬಿಡಬೇಕು. ಅಲ್ಲಿವರೆಗೆ ಯಾರೂ ನೀರು ಸೇದಬಾರದು. ಮುಗ್ಗಿದ ಹಳೇ ಪೌಡರ್ ಕಳಿಸಬೇಡಿ, ಅದರಲ್ಲಿ ಕ್ಲೋರಿನ್ ಉಳಿದಿರಲ್ಲ. ಕ್ಲೋರಿನ್ ಕ್ರಿಮಿ ಕೊಲ್ಲುತ್ತೆ, ಉಪ್ಪು ತೆಗೆಯಲ್ಲ. ಕುದಿಸಿದರೆ ಉಪ್ಪು ಇನ್ನೂ ಗಟ್ಟಿಯಾಗುತ್ತೆ.

ಏನು, ಎಷ್ಟು ಕಳಿಸಬಲ್ಲಿರಿ ಅಂತ ಕೆಳಗೆ ಬರೆಯಿರಿ. ಪೌಡರ್ ಆದರೆ ತಯಾರಾದ ತಿಂಗಳು, ಪಂಪ್ ಆದರೆ ನಿಮಿಷಕ್ಕೆ ಎಷ್ಟು ಲೀಟರ್ ಎಳೆಯುತ್ತೆ ಅನ್ನೋದನ್ನೂ ತಿಳಿಸಿ.